ಲಿಮಿಟೆಡ್ ಇಲ್ಲದ ಬೋರ್ಡು

ಆ ಐವರು ಬಂದ ಹೊತ್ತಿಗೆ ನಾನು ಕಿಟಕಿಯಾಚೆ ಮೋಡ ನೋಡುತ್ತ ಕೂತಿದ್ದೆ. ಕೆಲಸದ ಹೊತ್ತಿನಲ್ಲಿ ಹಗಲುಗನಸು ಕಾಣುವುದು ನನ್ನ ಹಳೆಯ ಚಾಳಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಿಕ್ಕೋಡಿಯಲ್ಲಿ ನಮ್ಮ ಸಾಹೇಬರ ಕೈಕೆಳಗೆ ಜೂನಿಯರ್ ವಕೀಲೆಯಾಗಿ ಸೇರಿ ನನಗೆ ಎರಡು ವರ್ಷವಾಗಿತ್ತು. ಹೊಲದ ಹದ್ದಿನ ತಕರಾರು, ಅಣ್ಣತಮ್ಮಂದಿರ ಪಾಲು, ಇಂಥ ದಾವೆಗಳೆಲ್ಲ ಸಾಹೇಬರವು. ಯಾರಿಗೂ ಬೇಡವಾದ ಕಾಗದಗಳು ನನ್ನವು. ಆವತ್ತೂ ಸಾಹೇಬರು ಬಂದವರ ಮಾತನ್ನು ಅರ್ಧ ಕೇಳಿ, "ಅಲ್ಲಿ ಕುಂತಾರಲ್ಲ ಅಕ್ಕಾರು, ಅವ್ರ ಮುಂದ ಹೇಳ್ರಿ" ಎಂದು ನನ್ನ ಕಡೆ ಕೈ ತೋರಿಸಿ ಕೋರ್ಟಿಗೆ ಎದ್ದು ಹೋದರು.

ಬಂದವರು ಕಾಗವಾಡದಿಂದ ಆಚೆ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಒಂದು ಊರಿನವರು. ಮುಂದೆ ಕೂತವರು ಊರಿನ ಹಿರಿಯರೊಬ್ಬರು. ಬಿಳಿ ಧೋತರ, ಹೆಗಲ ಮೇಲೆ ನೀಟಾಗಿ ಮಡಚಿದ ವಲ್ಲಿ. ಅವರ ಪಕ್ಕ ಬೆಂಚಿನ ಅಂಚಿಗೆ ಕೂತಿದ್ದ ಸಣ್ಣ ಗಡ್ಡದ ಬಡಕಲು ಮನುಷ್ಯನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಒಣದ್ರಾಕ್ಷಿಯನ್ನು ಬೆರಳ ತುದಿಯಲ್ಲಿ ಹಿಚುಕಿ, ಇದು ಯಾವ ದರ್ಜೆಯದೆಂದು ಹೇಳಬಲ್ಲ ವ್ಯಾಪಾರಿ. ಮೂರನೆಯವನು ಹಿರಿಯರ ಅಳಿಯ, ಬಿ.ಕಾಂ. ಓದಿದವನು, ಕಂಕುಳಲ್ಲಿ ರಟ್ಟಿನ ಫೈಲು ಇಟ್ಟುಕೊಂಡಿದ್ದ. ಉಳಿದಿಬ್ಬರು ಕೊನೆಯವರೆಗೂ ತಲೆಯಾಡಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

"ನಮ್ಮ ಊರಾಗ ದ್ರಾಕ್ಷಿ ಐತ್ರಿ," ಎಂದರು ಹಿರಿಯರು. "ಗಡಿ ಆಚೀಕ ನಮ್ಮ ಬೀಗರ ಊರಾಗೂ ಐತಿ. ಎರಡೂ ಕಡೀ ಮಂದಿ ಕೂಡಿ, ಒಣಗ್ಸಾಕ ಒಂದ ದೊಡ್ಡ ಶೆಡ್ ಹಾಕೂನು ಅಂತೀವಿ. ಎಲ್ಲಾ ಒಂದ ಹೆಸರಿನಾಗ. ಅದಕ್ಕೊಂದ ಕಾಗದ ಮಾಡಿ ಕೊಡ್ರಿ."

"ಎಷ್ಟು ಮಂದಿ?"

"ಐವತ್ತಮೂರು ಮನಿ."

ಒಂದು ಕಾಗದ! ಯಾವ ಕಾಗದ ಎಂದು ಗೊತ್ತುಮಾಡಿಕೊಳ್ಳಲಿಕ್ಕೇ ನನಗೆ ಮೂರು ವಾರ ಹಿಡಿಯಿತು. ಮೊದಲು ಸಹಕಾರಿ ಸಂಘದ ಯೋಚನೆ ಮಾಡಿದೆ. ಆದರೆ ಸಹಕಾರಿ ಕಾಯ್ದೆ ರಾಜ್ಯದ್ದು. ನಮ್ಮ ಕಾಯ್ದೆ ಗಡಿಯ ಕಲ್ಲಿನ ತನಕ ಬಂದು ನಿಲ್ಲುತ್ತದೆ, ಆ ಕಡೆಯದು ಅದೇ ಕಲ್ಲಿಗೆ ಬಂದು ನಿಲ್ಲುತ್ತದೆ. ಎರಡೂ ರಾಜ್ಯದವರು ಕೂಡಿದ ಸಂಘಕ್ಕೆ ದಿಲ್ಲಿಯಲ್ಲಿ ಹೊಸ ಕಾಯ್ದೆ ಆಗಿತ್ತು, ಆದರೆ ಅದರ ಪ್ರಕಾರ ಅರ್ಜಿ ಹಾಕಿದ ಒಬ್ಬ ವಕೀಲನೂ ನಮ್ಮ ಸುತ್ತಮುತ್ತ ಸಿಗಲಿಲ್ಲ. ಪಾಲುದಾರಿಕೆ ಮಾಡೋಣವೆಂದರೆ ಇಪ್ಪತ್ತು ಜನಕ್ಕಿಂತ ಹೆಚ್ಚು ಕೂಡುವಂತಿಲ್ಲ, ಮೇಲಾಗಿ ಒಬ್ಬ ಮಾಡಿದ್ದಕ್ಕೆ ಎಲ್ಲರ ಹೊಲಮನೆಯೂ ಹೊಣೆ. ಉಳಿದದ್ದು ಕಂಪನಿ. ಕಂಪನಿ ಕಾಯ್ದೆ ದೇಶಕ್ಕೆಲ್ಲ ಒಂದೇ. ಗಡಿಯ ಆಚೆಯವನೂ ಈಚೆಯವನೂ ಒಂದೇ ಪುಸ್ತಕದಲ್ಲಿ ಸದಸ್ಯರಾಗಬಹುದು. ಕಂಪನಿ ಮುಳುಗಿದರೆ ತಾನು ಕೊಂಡ ಶೇರಿನಷ್ಟು ಮಾತ್ರ ಒಬ್ಬೊಬ್ಬನ ಹೊಣೆ, ಅವನ ತೋಟಕ್ಕೆ ಯಾರೂ ಕೈ ಹಚ್ಚುವಂತಿಲ್ಲ.

ಆದರೆ ಪ್ರೈವೇಟ್ ಕಂಪನಿಗೆ ಐವತ್ತೇ ಸದಸ್ಯರು. ಇವರು ಐವತ್ತಮೂರು. ಮೂರು ಮನೆ ಬಿಡಿ ಎಂದರೆ ಬೀಗತನವೇ ಮುರಿಯುತ್ತದೆ. ಕಾಯ್ದೆಯನ್ನು ಮತ್ತೆ ಮತ್ತೆ ಓದಿದಾಗ ಒಂದು ಸಾಲು ಕಣ್ಣಿಗೆ ಬಿತ್ತು: ಇಬ್ಬರು ಜಂಟಿಯಾಗಿ ಶೇರು ಹಿಡಿದರೆ ಒಬ್ಬನೇ ಸದಸ್ಯ ಎಂದು ಲೆಕ್ಕ. ಬೇರೆಯಾಗಿದ್ದ ಅಣ್ಣತಮ್ಮಂದಿರ ಮೂರು ಜೋಡಿ ಹುಡುಕಿ ಅವರನ್ನು ಕಾಗದದ ಮೇಲೆ ಮತ್ತೆ ಒಂದುಮಾಡಿದೆ. ಅದರಲ್ಲೊಂದು ಜೋಡಿ ಎಷ್ಟೋ ವರ್ಷದಿಂದ ಮಾತು ಬಿಟ್ಟಿತ್ತು. ಸಹಿಯ ದಿನ ಅಣ್ಣ ಬರೆದು ಪೆನ್ನನ್ನು ನೆಲದ ಮೇಲಿಟ್ಟ, ತಮ್ಮ ನೆಲದಿಂದ ಎತ್ತಿಕೊಂಡ. ನನಗಂತೂ ಅಷ್ಟಕ್ಕೇ ಕಣ್ಣು ಒದ್ದೆಯಾದವು.

ಸಹಿಗಳು ನಡೆದದ್ದು ಹಿರಿಯರ ದ್ರಾಕ್ಷಿ ಚಪ್ಪರದ ಕೆಳಗೆ. ಕಂಪನಿಯ ಮೂಲ ಪತ್ರಕ್ಕೆ ಇಬ್ಬರು ಸಹಿ ಮಾಡಿದರೂ ಸಾಕು, ಉಳಿದವರನ್ನು ಆಮೇಲೆ ಸೇರಿಸಬಹುದು ಎಂದು ನಾನು ಬಡಕೊಂಡೆ. ಯಾರೂ ಕೇಳಲಿಲ್ಲ, ಎಲ್ಲರಿಗೂ ಮೊದಲ ಕಾಗದದಲ್ಲೇ ತಮ್ಮ ಹೆಸರು ಬೇಕು. ಪ್ರತಿಯೊಬ್ಬನೂ ತನ್ನ ಕೈಯಾರೆ ಹೆಸರು, ತಂದೆಯ ಹೆಸರು, ಊರು, ಉದ್ಯೋಗ ಬರೆಯಬೇಕು. ಕನ್ನಡ, ಮರಾಠಿ, ಉರ್ದು ಎಲ್ಲ ಬಂದವು. ಉದ್ಯೋಗದ ಕಡೆ ಒಬ್ಬ "ದ್ರಾಕ್ಷಿ" ಎಂದಷ್ಟೇ ಬರೆದ. ಸಾಲಿನಲ್ಲಿ ಒಬ್ಬಳೇ ಹೆಣ್ಣುಮಗಳು: ಸತ್ತಿ ಎಂಬ ಹಳ್ಳಿಯಿಂದ ಆ ಊರಿಗೆ ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ತಾನೇ ತೋಟ ನಡೆಸಿದ ಮುದುಕಿ. ನಾಲ್ಕು ಅಕ್ಷರದ ತನ್ನ ಹೆಸರನ್ನು ಬರೆದು ಮುಗಿಸಲು ಆಕೆಗೆ ಒಂದು ಚಹ ಆರುವಷ್ಟು ಹೊತ್ತು ಬೇಕಾಯಿತು. ಎಲೆಗಳ ಸಂದಿಯಿಂದ ಹಸಿರು ಬೆಳಕು ಕಾಗದದ ಮೇಲೆ ಓಡಾಡುತ್ತಿತ್ತು. ಆ ಮಧ್ಯಾಹ್ನ ಮುಗಿಯದೇ ಇದ್ದಿದ್ದರೆ ಎಂದು ಈಗಲೂ ನನಗೆ ಅನ್ನಿಸುತ್ತದೆ.

ನಾನೇ ಆ ಕಟ್ಟು ಎತ್ತಿಕೊಂಡು ರಾಯಬಾಗ ಸ್ಟೇಶನ್ನಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಂಪನಿ ರಿಜಿಸ್ಟ್ರಾರರ ಕಚೇರಿಯಲ್ಲಿ ಕೊಟ್ಟು ಬಂದೆ. ಒಂದು ತಿಂಗಳಿಗೆ ಕಟ್ಟು ಅಂಚೆಯಲ್ಲಿ ವಾಪಸು ಬಂತು. ಕಾರಣ ಓದಿ ತಲೆ ಮೇಲೆ ಕೈ ಹೊತ್ತು ಕೂತೆ. ಕಂಪನಿಯ ಕಾಯ್ದೆ ದೇಶದ್ದಾದರೂ ಪತ್ರಕ್ಕೆ ಹಚ್ಚುವ ಸ್ಟಾಂಪು ರಾಜ್ಯದ್ದು. ಕಂಪನಿಯ ಕಚೇರಿ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ್ದೇ ಆಗಬೇಕು. ಅಳಿಯ ಮಹಾಶಯ ಗಡಿಯಾಚೆ ಮಿರಜಿನ ಪೇಟೆಗೆ ಹೋದಾಗ, ಹ್ಯಾಗೂ ಬಂದೆನಲ್ಲ ಎಂದು ಅಲ್ಲಿಯೇ ಸ್ಟಾಂಪು ಕೊಂಡಿದ್ದ. ಸಂತೆ, ದವಾಖಾನೆ, ಮದುವೆ ಬಟ್ಟೆ ಎಲ್ಲ ಮಿರಜಿನಲ್ಲೇ ಆಗುವಾಗ ಸ್ಟಾಂಪು ಮಾತ್ರ ಬೇರೆ ಕಡೆಯದು ಯಾಕೆ ಎಂದು ಅವನ ವಾದ. ಹಚ್ಚಿದ್ದನ್ನು ತಿರುವಿ ನೋಡದ ನಾನೂ ಏನು ಕಮ್ಮಿ ಜಾಣೆಯಲ್ಲ.

"ಆ ಕಡೀ ಸ್ಟಾಂಪಿಗಿ ಈ ಕಡೀ ಸಾಹೇಬ್ರು ಮರ್ಯಾದಿ ಕೊಡೂದಿಲ್ಲೇನ್ರಿ?" ಎಂದು ಹಿರಿಯರು ಕೇಳಿದರು. ಮತ್ತೆ ಪತ್ರ ಮುದ್ರಿಸಿ, ಮತ್ತೆ ಚಪ್ಪರದ ಕೆಳಗೆ ಎಲ್ಲರನ್ನೂ ಕೂಡಿಸಿದೆವು. ಮುದುಕಿ ಮತ್ತೆ ನಾಲ್ಕು ಅಕ್ಷರ ಬರೆದಳು. ಮಾತು ಬಿಟ್ಟ ಅಣ್ಣ ಈ ಸಲ ಪೆನ್ನನ್ನು ತಮ್ಮನ ಕೈಗೇ ಕೊಟ್ಟ.

ಸಂಕ್ರಾಂತಿಯ ಆಸುಪಾಸಿಗೆ ನೋಂದಣಿಯ ಸರ್ಟಿಫಿಕೇಟು ಬಂತು. ಕಂಪನಿಯ ಹೆಸರು ಇಲ್ಲಿ ಬೇಡ. ಅದರ ಕೊನೆಯ ಎರಡು ಪದ ಮಾತ್ರ ಈ ಮಾತಿಗೆ ಬೇಕು: ಪ್ರೈವೇಟ್ ಲಿಮಿಟೆಡ್.

ಹಿರಿಯರು, ಚಾಚಾ, ಅಳಿಯ, ಮೂವರೂ ಡೈರೆಕ್ಟರುಗಳು. ಬೋರ್ಡು ಬರೆಸುವ ದಿನ ನನ್ನನ್ನು ಊರಿಗೆ ಕರೆಸಿದರು. ಹೆಸರಿನ ಬೋರ್ಡನ್ನು ಶೆಡ್ಡಿನ ಹೊರಗೆ, ಆ ಸೀಮೆಯ ಭಾಷೆಯಲ್ಲಿ, ಎಲ್ಲರಿಗೂ ಓದಲು ಬರುವಂತೆ ಹಾಕಬೇಕು. ಪತ್ರ, ಬಿಲ್ಲು, ಆರ್ಡರು ಎಲ್ಲದರ ಮೇಲೆಯೂ ಪೂರ್ತಿ ಹೆಸರಿರಬೇಕು ಎಂದು ನಾನು ಓದಿ ಹೇಳಿದೆ. ಹಿರಿಯರು ಕೇಳಿದರು, "ಈ ಲಿಮಿಟೆಡ್ ಅಂದ್ರ ಏನ್ರಿ?"

"ನಿಮ್ಮ ಹೊಣೆಗೆ ಒಂದು ಮಿತಿ ಇದೆ ಅಂತ. ವ್ಯವಹಾರ ಮಾಡುವವರಿಗೆ ಅದು ಮೊದಲೇ ಗೊತ್ತಿರಬೇಕು, ಅದಕ್ಕೇ ಬರೆಯುವುದು."

ಅವರು ಹೆಗಲ ಮೇಲಿನ ವಲ್ಲಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆ ಊರಿನಲ್ಲಿ ಒಂದು ರೂಢಿ. ಯಾರಾದರೂ ಇನ್ನೊಬ್ಬನಿಗೆ ಜಾಮೀನು ನಿಂತರೆ ತನ್ನ ವಲ್ಲಿಯನ್ನು ಮಡಚಿ ನಾಲ್ಕು ಜನರ ಮುಂದೆ ಇಡುತ್ತಾನೆ. ಆ ಮಾತು ತೀರುವ ತನಕ ಬರಿ ಹೆಗಲಲ್ಲೇ ತಿರುಗುತ್ತಾನೆ. ಬರಿ ಹೆಗಲು ನೋಡಿದರೆ ಸಾಕು, ಇವನು ಯಾರಿಗೋ ಹೊಣೆಯಾಗಿದ್ದಾನೆ ಎಂದು ಊರಿಗೆಲ್ಲ ತಿಳಿಯುತ್ತದೆ.

"ಅಕ್ಕಾರ, ವಲ್ಲಿ ಇಟ್ರ ಪೂರಾ ವಲ್ಲಿ ಇಡಬೇಕು. ಮೂರ ಬೆರಳಷ್ಟ ಹರದು ಇಟ್ಟಾರೇನ್ರಿ ಯಾರರ? ನಮ್ಮ ಹೊಣಿ ಇಷ್ಟ, ಮುಂದ ನಮ್ಮನ್ನ ಕೇಳಬ್ಯಾಡ್ರಿ ಅಂತ ಬಾಗಲ ಮ್ಯಾಗ ಬರಕೊಂಡು ಹ್ಯಾಂಗ ಕುಂಡ್ರೂದು? ಹೋಗಿ ಬರೂ ಮಂದಿ ಏನಂದಾರು? ಸರ್ಟಿಫಿಕೇಟಿನಾಗ ಇರ್ಲಿ, ಪೆಟ್ಟಿಗ್ಯಾಗ ಇಡ್ತೀವಿ. ಬೋರ್ಡಿನ ಮ್ಯಾಗ ಬ್ಯಾಡ್ರಿ."

ಅಲ್ಲಿದ್ದ ಎಲ್ಲರೂ ಹೌದು ಹೌದು ಎಂದರು. ಅಳಿಯನ ದನಿ ಎಲ್ಲರಿಗಿಂತ ಜೋರಾಗಿತ್ತು. "ಮಾಂವ ಹೇಳಿದ್ದು ಖರೆ. ಅದು ಹೇಡಿಗೋಳ ಮಾತು."

ನಾನು ಅಲ್ಲಿಯೇ ಗಟ್ಟಿಯಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮಧ್ಯಾಹ್ನದ ಊಟವಾಗಿತ್ತು, ಮಾಗುತ್ತಿದ್ದ ದ್ರಾಕ್ಷಿಯ ವಾಸನೆಗೆ ಕಣ್ಣು ಎಳೆಯುತ್ತಿದ್ದವು, ದೂರದಲ್ಲಿ ಯಾವುದೋ ಪಂಪು ಒಂದೇ ರಾಗದಲ್ಲಿ ಗುಂಯ್ಗುಡುತ್ತಿತ್ತು. ಹಿರಿಯರ ಮಾತು ಎಷ್ಟು ಚಂದವಿತ್ತೆಂದರೆ, ಅದರ ಮುಂದೆ ನನ್ನ ಕಾಯ್ದೆಯ ಪುಸ್ತಕವೇ ಸಣ್ಣ ಮನಸ್ಸಿನದಾಗಿ ಕಂಡಿತು. ಈ ಮೂಲೆಗೆ ಬಂದು ಬೋರ್ಡು ಓದುವವರು ಯಾರು ಎಂದುಕೊಂಡೆ. ಪೇಂಟರು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೆಸರು ಬರೆದ. ಎರಡರಲ್ಲೂ ಕೊನೆಯ ಎರಡು ಪದ ಇರಲಿಲ್ಲ. ರಬ್ಬರ್ ಸ್ಟಾಂಪು, ಪತ್ರದ ಹಾಳೆ ಕೂಡ ಹಾಗೆಯೇ ತಯಾರಾದವು.

ಅದೇ ವಾರ ಚಾಚಾ ನಮ್ಮ ಕಚೇರಿಗೆ ಬಂದರು. ಒಣಗಿಸುವ ಶೆಡ್ಡಿನಲ್ಲಿ ಹಂತ ಹಂತವಾಗಿ ತಂತಿ ಜಾಳಿಗೆ ಬಿಗಿಯುತ್ತಾರೆ, ಅದರ ಮೇಲೆ ದ್ರಾಕ್ಷಿ ಹರಡಬೇಕು. ಆ ಜಾಳಿಗೆಯನ್ನು ದೂರದ ಪಟ್ಟಣದ ಒಬ್ಬ ವ್ಯಾಪಾರಿಯಿಂದ ತರಿಸುವ ಆರ್ಡರು ಅವರ ಕೈಯಲ್ಲಿತ್ತು. ಮಾಲಿನ ಸಂಗತಿ ಅವರಿಗೇ ಗೊತ್ತು ಎಂದು ಆ ಕೆಲಸ ಅವರಿಗೆ ಒಪ್ಪಿಸಿದ್ದರು. ಹಾಳೆಯನ್ನು ನನ್ನ ಮುಂದೆ ಹರಡಿ, ಹೆಸರಿನ ಕೆಳಗೆ ಬೆರಳಿಟ್ಟು ಕೇಳಿದರು.

"ಅಕ್ಕಾರ, ಸರ್ಟಿಫಿಕೇಟಿನಾಗ ಇದ್ದ ಹೆಸರು ಇದರಾಗ ಪೂರಾ ಇಲ್ಲಲ್ರಿ. ಸಹಿ ಮಾಡ್ಲೇನ್ರಿ?"

ಅವರೊಬ್ಬರೇ ಕೇಳಿದ್ದು. ನಾನು ಯಾವುದೋ ದಾವೆಯ ಕರಡು ಬರೆಯುತ್ತಿದ್ದೆ, ಅರ್ಧ ಮನಸ್ಸು ಕಿಟಕಿಯಾಚೆ ಇತ್ತು. ತಲೆ ಎತ್ತದೆ ಹೇಳಿದೆ: "ಮಾಡಿ ಚಾಚಾ. ಏನೂ ಆಗುವುದಿಲ್ಲ."

ಅವರು ಮಾಡಿದರು.

ಜಾಳಿಗೆ ಬಂತು, ಶೆಡ್ಡು ಎದ್ದಿತು, ಶಿವರಾತ್ರಿಯ ಹೊತ್ತಿಗೆ ಮೊದಲ ದ್ರಾಕ್ಷಿ ಹರಡಿದರು. ನೋಡಲು ಹೋಗಿದ್ದೆ. ಹಂತದ ಮೇಲೆ ಹಂತ, ಔಷಧದ ನೀರಿನಲ್ಲಿ ಅದ್ದಿ ಎತ್ತಿದ ಗೊಂಚಲುಗಳು, ಅವುಗಳ ನಡುವೆ ಹಾದುಬರುವ ಗಾಳಿ. ಹದಿನೈದು ದಿನಕ್ಕೆ ಎಲ್ಲ ಹೊನ್ನಿನ ಬಣ್ಣಕ್ಕೆ ತಿರುಗಬೇಕು. ತಿರುಗಿತು, ಆದರೆ ಪ್ರತಿ ಹಣ್ಣಿನ ಹೊಟ್ಟೆಯ ಮೇಲೆ ಕಂದು ಗೆರೆ. ತಂತಿಗೆ ಹಚ್ಚಿದ ಲೇಪ ತೆಳುವಾಗಿತ್ತು. ಒಂದೇ ತಿಂಗಳಲ್ಲಿ ತುಕ್ಕು ಹಿಡಿದು ಮಾಲಿಗೆ ಕಲೆ ಕೂತಿತ್ತು. ಚಾಚಾ ಒಂದು ಹಿಡಿ ಎತ್ತಿಕೊಂಡು, ಮೂಸಿ ಕೆಳಗಿಟ್ಟರು. ಡೈರೆಕ್ಟರುಗಳು ಸಭೆ ಮಾಡಿ, ಜಾಳಿಗೆ ಬದಲಿಸಿ ಕೊಡುವ ತನಕ ಉಳಿದ ಹಣ ಕೊಡುವುದಿಲ್ಲ ಎಂದು ವ್ಯಾಪಾರಿಗೆ ಬರೆದರು. ಪತ್ರವನ್ನು ನಾನೇ ಬರೆದುಕೊಟ್ಟೆ. ನ್ಯಾಯ ನಮ್ಮ ಕಡೆಗಿತ್ತು. ಈಗಲೂ ಹಾಗೆಯೇ ಹೇಳುತ್ತೇನೆ.

ಮುಂಗಾರು ಶುರುವಾದಾಗ ವ್ಯಾಪಾರಿಯ ವಕೀಲರ ನೋಟೀಸು ಬಂತು, ಅದರ ಬೆನ್ನಿಗೇ ದಾವೆ. ಪ್ರತಿವಾದಿ ಕಂಪನಿಯಾಗಿರಲಿಲ್ಲ, ಚಾಚಾ ಆಗಿದ್ದರು. ಆರ್ಡರಿನ ಹಾಳೆಯಲ್ಲಿ ಕಾಯ್ದೆ ಹೇಳುವಂತೆ ಕಂಪನಿಯ ಹೆಸರಿಲ್ಲ, ಆದ್ದರಿಂದ ಸಹಿ ಮಾಡಿದವನೇ ಸ್ವಂತಕ್ಕೆ ಹೊಣೆ. ತೀರ್ಪು ಬರುವ ಮೊದಲೇ ಅವನ ಎರಡು ಎಕರೆ ದ್ರಾಕ್ಷಿ ತೋಟವನ್ನು ಜಪ್ತಿ ಮಾಡಬೇಕು ಎಂದು ಕೋರಿಕೆ.  ಕಪಾಟಿನಿಂದ ಪುಸ್ತಕ ತೆಗೆದು ನೋಡಿದೆ. ಬೋರ್ಡಿನ ದಿನ ನಾನೇ ಓದಿ ಹೇಳಿದ ಕಲಮು. ಅದರ ಮೊದಲ ಭಾಗ ಓದಿ ಪುಸ್ತಕ ಮುಚ್ಚಿದ್ದೆ. ಪುಟ ತಿರುವಿದ್ದರೆ ಈ ಮಾತು ಅಲ್ಲಿಯೇ ಇತ್ತು: ಪೂರ್ತಿ ಹೆಸರಿಲ್ಲದ ಆರ್ಡರಿಗೆ ಸಹಿ ಹಾಕಿದವನು ತಾನೇ ಕೊಡತಕ್ಕದ್ದು, ಕಂಪನಿ ಕೊಡದಿದ್ದರೆ.

ಸಾಹೇಬರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದರಾಗ ತಪ್ಪಿಸಿಕೊಳ್ಳಾಕ ದಾರಿ ಇಲ್ಲ. ಗೊತ್ತಿಲ್ಲದ ಮಾಡಿದ್ದ ಅಂದ್ರೂ ಕೋರ್ಟು ಕೇಳೂದಿಲ್ಲ. ಕಂಪನಿ ಹಣ ಕೊಟ್ರ ಮಾತ್ರ ಆ ಮನಷ್ಯಾ ಬಿಡುಗಡೆ. ಜಾಳಿಗೆ ಜಗಳ ಆಮ್ಯಾಲ ಬ್ಯಾರೆ ದಾವಾ ಹಾಕಿ ಆಡಬೇಕು."

"ಚಾಚಾ ನನ್ನ ಕೇಳಿದ್ದರು ಸರ್. ಮಾಡಿ ಅಂದವಳು ನಾನೇ."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆ ಮಾತ ಇಲ್ಲೇ ಬಿಡು. ನಿನಗ ಇನ್ನೂ ಮೂವತ್ತ ವರ್ಷ ವಕೀಲಕಿ ಮಾಡೂದೈತಿ."

ಮರುದಿನ ಚಾಚಾನ ತೋಟಕ್ಕೆ ಹೋದೆ. ಸಣ್ಣ ಮಳೆ ಬಂದು ನಿಂತಿತ್ತು. ಬಳ್ಳಿಗಳ ಸಾಲಿನಲ್ಲಿ ಮಂಜು ಮಂಜಾದ ಬೆಳಕು, ಕೊನೆಯ ಸಾಲಿನ ಆಚೆ ಗಡಿಯ ಕಲ್ಲು ಒದ್ದೆಯಾಗಿ ಕೂತಿತ್ತು. ಅಜ್ಜನ ಕಾಲದಿಂದ ಅವರ ಮನೆತನ ಮಾಡಿದ್ದು ಬೇರೆಯವರ ಹಣ್ಣಿನ ವ್ಯಾಪಾರ. ಈ ಎರಡು ಎಕರೆ ಅವರ ಮನೆಗೆ ಬಂದ ಮೊದಲ ಹೊಲ. ಅವರು ನನ್ನ ಮೇಲೆ ರೇಗಾಡಲಿ ಎಂದು ಕಾದೆ. ಅವರು ಒಂದು ಬಳ್ಳಿಯ ಬುಡ ತೋರಿಸಿದರು.

"ಇದನ್ನ ನಮ್ಮಾಕಿ ಹಚ್ಚಿದ್ರಿ. ಆಕೀದೊಂದ, ನಂದೊಂದ, ಹಂಗ ಸಾಲ ಹಚ್ಚಿದ್ವಿ. ಆಕೀ ಸಾಲು ಚಲೋ ಬಂದಾವು ನೋಡ್ರಿ."

ಅಷ್ಟೇ. ಬಸ್ಸಿನಲ್ಲಿ ಬರುವಾಗ ಕಬ್ಬಿನ ಹೊಲಗಳು ಕಿಟಕಿಯಾಚೆ ತೇಲಿ ಹೋಗುತ್ತಿದ್ದವು. ಹಿಂದೆ ಆಗಿದ್ದರೆ ನೋಡುತ್ತ ಮೈಮರೆಯುತ್ತಿದ್ದೆ. ಆವತ್ತು ನನಗೆ ನನ್ನ ಮೇಲೆಯೇ ಅಸಹ್ಯ ಬಂತು.

ಕೋರ್ಟಿನಲ್ಲಿ ಜಪ್ತಿಯ ಕೋರಿಕೆಗೆ ಉತ್ತರ ಕೊಡಲು ಸಮಯ ಕೇಳಿದೆ. ಐದು ವಾರ ಸಿಕ್ಕಿತು. ಇತ್ತ ಡೈರೆಕ್ಟರುಗಳ ಸಭೆಯಲ್ಲಿ ದಾರಿ ಮುಚ್ಚಿತು. ಕಂಪನಿಯ ಹತ್ತಿರ ಹಣವಿತ್ತು, ಆದರೆ ಅದು ಎರಡನೆಯ ಶೆಡ್ಡಿಗೆ ತೆಗೆದಿಟ್ಟದ್ದು. ಗಡಿಯ ಆಚೆಯ ತೋಟಗಳ ಮಾಲು ಒಣಗಬೇಕಾದದ್ದು ಆ ಶೆಡ್ಡಿನಲ್ಲಿ. ಅಳಿಯ ಕೊಡಬಾರದು ಎಂದ. ಚಾಚಾ ತನ್ನದೇ ಸಂಗತಿಯಾದ್ದರಿಂದ ಮಾತಾಡುವುದಿಲ್ಲ ಎಂದರು. ಹಿರಿಯರು ಒಪ್ಪಿಗೆ ಕೊಡದೆ ಎದ್ದರು. ಕೆಟ್ಟ ಮಾಲಿಗೆ ಹಣ ಕೊಡುವುದು ಅವರ ಮಟ್ಟಿಗೆ ತಪ್ಪು ಒಪ್ಪಿಕೊಂಡಂತೆ.

ಉಳಿದದ್ದು ಒಂದೇ ಉಪಾಯ: ಎಲ್ಲ ಸದಸ್ಯರ ವಿಶೇಷ ಸಭೆ. ಶೇರಿನ ಹತ್ತನೆಯ ಒಂದು ಭಾಗ ಇದ್ದವರು ಸಹಿ ಮಾಡಿ ಕೇಳಿದರೆ ಕರೆಯಲೇಬೇಕು. ಸತ್ತಿಯ ಮುದುಕಿ ಮೊದಲ ಸಹಿ ಹಾಕಿದಳು. ಮತ್ತೆ ಅದೇ ನಾಲ್ಕು ಅಕ್ಷರ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಕೂಡಿ ಬಂದು ಹಾಕಿದರು. ಇಪ್ಪತ್ತೊಂದು ದಿನದ ನೋಟೀಸನ್ನು ಎರಡೂ ರಾಜ್ಯದ ವಿಳಾಸಗಳಿಗೆ ಅಂಚೆಯಲ್ಲಿ ಕಳಿಸಿದೆ. ಸಭೆ ಕೋರ್ಟಿನ ತಾರೀಖಿಗೆ ನಾಲ್ಕು ದಿನ ಮೊದಲು ಬಿತ್ತು.

ಶ್ರಾವಣದ ಮಧ್ಯಾಹ್ನ. ಖಾಲಿ ಶೆಡ್ಡಿನಲ್ಲಿ, ತುಕ್ಕು ಹಿಡಿದ ಜಾಳಿಗೆಗಳ ಕೆಳಗೆ ಎಲ್ಲರೂ ಕೂತಿದ್ದರು. ತಗಡಿನ ಮೇಲೆ ಜಿಟಿಜಿಟಿ ಮಳೆ. ಚಾಚಾ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂತಿದ್ದರು. ನಾನು ವಿಷಯ ಓದಿ ಹೇಳಿದೆ. ಅಳಿಯ ಫೈಲು ಹಿಡಿದು ಎದ್ದು ನಿಂತ.

"ಚಾಚಾನ ಬಗ್ಗಿ ನನಗೂ ಕೆಟ್ಟ ಅನಸ್ತೈತಿ. ಆದ್ರ ಕಾಯ್ದೆ ಏನ ಹೇಳ್ತೈತಿ? ಸಹಿ ಮಾಡಿದಾಂವ ಹೊಣಿ. ನಮ್ಮ ಹೊಣಿ ನಮ್ಮ ಶೇರಿನಷ್ಟ. ಇದನ್ನ ನಮಗ ಅಕ್ಕಾರ ಕಲಿಸ್ಯಾರ. ಕೇಳ್ರಿ ಬೇಕಾದ್ರ."

ಎಲ್ಲರೂ ನನ್ನ ಕಡೆ ತಿರುಗಿದರು. ಬೋರ್ಡಿನ ದಿನ ಹೇಡಿಗಳ ಮಾತು ಎಂದವನು ಇವನೇ. ಸಿಟ್ಟು ನೆತ್ತಿಗೇರಿತು. ಆದರೆ ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಮತ್ತು ಸಿಟ್ಟು ಮಾಡುವ ಅಧಿಕಾರ ನನಗಿರಲಿಲ್ಲ. ಸಾಹೇಬರ ಮೂವತ್ತು ವರ್ಷ ನೆನಪಾಯಿತು. ಬಾಗಿಲ ಹತ್ತಿರ ಚಾಚಾ ತಲೆ ಬಗ್ಗಿಸಿ ಯಾರದೋ ಚಪ್ಪಲಿಯನ್ನು ಮಳೆಗೆ ಸಿಗದಂತೆ ಒಳಗೆ ಸರಿಸುತ್ತಿದ್ದರು.

"ಕಾಯ್ದೆ ಅವರು ಹೇಳಿದಂತೆಯೇ ಇದೆ," ಎಂದೆ.  "ಆದರೆ ಈ ಸಹಿ ಬಿದ್ದದ್ದು ಹೇಗೆ ಎಂದು ಕೇಳಿ. ಹಾಳೆಯ ಮೇಲೆ ಪೂರ್ತಿ ಹೆಸರಿಲ್ಲ, ಸಹಿ ಮಾಡಲೇ ಎಂದು ಚಾಚಾ ನನ್ನನ್ನು ಕೇಳಿದರು. ಈ ಕಂಪನಿಯಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ನಾನು ಪುಸ್ತಕ ತೆರೆಯದೆ, ತಲೆ ಎತ್ತದೆ, ಮಾಡಿ ಎಂದೆ. ಪೂರ್ತಿ ಓದಿದ್ದರೆ ಬೋರ್ಡಿನ ದಿನವೇ ನಿಮ್ಮನ್ನು ತಡೆಯುತ್ತಿದ್ದೆ. ತಪ್ಪು ನನ್ನದು. ಇದನ್ನು ಕೋರ್ಟಿನಲ್ಲೂ ಹೇಳುತ್ತೇನೆ, ಆದರೆ ಅದರಿಂದ ತೋಟ ಉಳಿಯುವುದಿಲ್ಲ. ಉಳಿಸಲು ಆಗುವುದು ನಿಮಗೆ ಮಾತ್ರ."

  ಹಿರಿಯರು ಮೊಣಕಾಲ ಮೇಲೆ ಕೈಯೂರಿ ಎದ್ದರು.

"ತಂಗಿ, ನೀ ಓದೂದು ಬಿಟ್ಟಿ. ಆ ಹೆಸರ ತಗಸಿದಾಂವ ನಾ." ಅಕ್ಕಾರ ಎಂದು ಕರೆಯುತ್ತಿದ್ದವರು ಆವತ್ತೇ ಮೊದಲು ತಂಗಿ ಎಂದರು. "ಪೂರಾ ವಲ್ಲಿ ಇಡ್ತೀವಿ ಅಂತ ದೊಡ್ಡ ಮಾತ ಆಡಿದ್ದ ನಾ. ಇಟ್ಟಿದ್ದ ಮಾತ್ರ ಇಂವಂದು."

ಅವರು ನಡೆದು ಹೋಗಿ, ಹೆಗಲ ವಲ್ಲಿಯನ್ನು ನಾಲ್ಕು ಮಡಿಕೆ ಮಾಡಿ ಚಾಚಾನ ಮುಂದೆ, ಚಪ್ಪಲಿಗಳ ಪಕ್ಕದ ನೆಲದ ಮೇಲೆ ಇಟ್ಟರು. "ರೊಕ್ಕ ಕೊಡೂನು. ಶೆಡ್ ಮುಂದಿನ ವರ್ಷ ಆಕ್ಕೈತಿ."

ಗಡಿಯ ಆಚೆಯ ಒಬ್ಬ ಬೀಗರು ಎದ್ದರು. ಎರಡನೆಯ ಶೆಡ್ಡು ನಿಂತರೆ ಎಲ್ಲರಿಗಿಂತ ಹೆಚ್ಚು ತೊಂದರೆ ಅವರಿಗೇ. ಅವರೂ ವಲ್ಲಿ ಇಟ್ಟರು. ಆಮೇಲೆ ಒಬ್ಬೊಬ್ಬರಾಗಿ. ಸತ್ತಿಯ ಮುದುಕಿ ಸೊಂಟ ತಡವಿ, ವಲ್ಲಿ ಇಲ್ಲದ್ದಕ್ಕೆ ತನ್ನ ಎಲೆಅಡಿಕೆಯ ಚಂಚಿಯನ್ನೇ ಆ ರಾಶಿಯ ಮೇಲಿಟ್ಟು, "ನಾಳಿಗಿ ಕೊಡಪಾ ಮತ್ತ, ಅದಿಲ್ಲಾಂದ್ರ ನನಗ ಜೀಂವ ನಿಲ್ಲೂದಿಲ್ಲ" ಎಂದಳು. ಅಳುಬುರುಕಿಯಾದ ನಾನು ನಗುತ್ತ ಅತ್ತೆ. ಒಂಬತ್ತು ಜನ ಹೆಗಲ ವಲ್ಲಿ ಸರಿಪಡಿಸಿಕೊಂಡು ಹಾಗೆಯೇ ಮನೆಗೆ ಹೋದರು. ಅವರಲ್ಲಿ ಅಳಿಯನೂ ಒಬ್ಬ. ಹೋಗಲು ಅವರಿಗೆ ಕಾಯ್ದೆಯ ಪ್ರಕಾರ ಹಕ್ಕಿತ್ತು. ಸಭೆಯ ನಡಾವಳಿಯಲ್ಲಿ ನಾನು "ಕೈ ಎತ್ತುವ ಮೂಲಕ ಬಹುಮತದಿಂದ ಅಂಗೀಕಾರ" ಎಂದು ಬರೆದೆ. ವಲ್ಲಿಯ ಸಂಗತಿ ಕಾಯ್ದೆಗೆ ಗೊತ್ತಿಲ್ಲ.

ನಾಲ್ಕನೆಯ ದಿನ ಕಂಪನಿಯ ಚೆಕ್ಕನ್ನು ಕೋರ್ಟಿನಲ್ಲಿ ಒಪ್ಪಿಸಿದೆ. ಈ ಸಲ ಬ್ಯಾಂಕಿನ ಚೆಕ್ಕಿನ ಮೇಲೆ ಹೆಸರು ಪೂರ್ತಿ ಇದೆಯೇ ಎಂದು ಹೋಗುವ ದಾರಿಯಲ್ಲಿ ಎಷ್ಟು ಸಲ ತೆರೆದು ನೋಡಿದೆನೋ ಲೆಕ್ಕವಿಲ್ಲ. ದಾವೆ ಮುಗಿಯಿತು. ಸಾಹೇಬರಿಗೆ ಸಭೆಯ ಸುದ್ದಿ ಮುಟ್ಟಿತ್ತು. ಅವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ, ಮೂರನೆಯ ದಿನ ಒಂದು ಪಾಲಿನ ದಾವೆಯ ಫೈಲು ತಂದು ನನ್ನ ಮೇಜಿನ ಮೇಲಿಟ್ಟರು. "ಪೂರಾ ಓದು" ಎಂದಷ್ಟೇ ಹೇಳಿದರು. ಜಾಳಿಗೆಯ ದಾವೆಯನ್ನು ಬೇರೆಯಾಗಿ ಹಾಕಿದೆವು. ಅದು ವರ್ಷಗಟ್ಟಲೆ ಎಳೆದು ಅರ್ಧಕ್ಕೆ ರಾಜಿಯಾಯಿತು.

ಉಳಿದವರೆಲ್ಲ ವಲ್ಲಿ ತೊಗೊಂಡ ಮೇಲೂ ಆ ಚಳಿಗಾಲ ಪೂರ್ತಿ ಹಿರಿಯರು ಬರಿ ಹೆಗಲಲ್ಲೇ ತಿರುಗಿದರು. ಹಣ ಕೊಟ್ಟಾಯಿತು, ತೋಟ ಉಳಿಯಿತು, ಇನ್ನು ತೊಗೊಳ್ಳಿ ಎಂದು ಎಲ್ಲರೂ ಹೇಳಿದರು. ಕೇಳಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ನನಗೆ ಕರೆ ಬಂತು. ಹೋದಾಗ ಪೇಂಟರು ಏಣಿ ಇಳಿಯುತ್ತಿದ್ದ. ಹಳೆಯ ಬೋರ್ಡಿನಲ್ಲೇ, ಎರಡೂ ಭಾಷೆಯಲ್ಲಿ, ಕೊನೆಯ ಎರಡು ಪದ ಸೇರಿದ್ದವು. ಜಾಗ ಸಾಲದೆ ಅಕ್ಷರ ಒತ್ತಿಕೊಂಡು ನಿಂತಿದ್ದವು, ಬಣ್ಣ ಇನ್ನೂ ಹಸಿಯಾಗಿತ್ತು. ಹಿರಿಯರು ಅದನ್ನು ಕತ್ತೆತ್ತಿ ನೋಡಿ, ಚಾಚಾನ ಕಡೆ ಕೈ ಚಾಚಿದರು. ಚಾಚಾ ಮನೆಯಿಂದ ತಂದಿದ್ದ ವಲ್ಲಿಯನ್ನು ಕೊಟ್ಟರು. ಒಗೆದು, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು.

ಆಮೇಲೆ ಶೆಡ್ಡಿನ ಒಳಗೆ ಕೂತು ಹೊಸ ಜಾಳಿಗೆಯ ಆರ್ಡರು ತಯಾರು ಮಾಡಿದೆವು. ಸಹಿ ಯಾರು ಮಾಡಬೇಕು ಎಂಬ ಮಾತು ಬಂತು. ಹಿರಿಯರು ಪೆನ್ನಿಗೆ ಕೈ ಹಾಕಿದರು. ಅಷ್ಟರಲ್ಲಿ ಚಾಚಾ, "ಮಾಲ ನೋಡೂದು ನಂದ ಕೆಲಸಲ್ರಿ" ಎನ್ನುತ್ತ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಹೆಸರಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ಬೆರಳು ಆಡಿಸಿ ಓದಿದರು. ಎಲ್ಲವೂ ಇತ್ತು. ಅವರಿಗೇ ಕಾಣುತ್ತಿತ್ತು. ಆದರೂ ಪೆನ್ನಿನ ಮುಚ್ಚಳ ತೆಗೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು.

"ಅಕ್ಕಾರ," ಎಂದರು, "ಸಹಿ ಮಾಡ್ಲೇನ್ರಿ?"

ಶೆಡ್ಡಿನ ಆಚೆ ಬಳ್ಳಿಗಳಲ್ಲಿ ಬಿಸಿಲು ಆಡುತ್ತಿತ್ತು, ಅದೇ ಪಂಪು ಗುಂಯ್ಗುಡುತ್ತಿತ್ತು. ನಾನು ಆ ಕಡೆ ನೋಡಲಿಲ್ಲ. ಹಾಳೆಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನ ತನಕ ಓದಿದೆ. ಕಣ್ಣು ತುಂಬಿ ಅಕ್ಷರ ಕದಡಿದವು, ಒರೆಸಿಕೊಂಡು ಮತ್ತೊಮ್ಮೆ ಮೊದಲಿನಿಂದ ಓದಿದೆ. ಅಷ್ಟು ಹೊತ್ತೂ ಚಾಚಾ ಪೆನ್ನು ಹಿಡಿದು ಕಾದರು. ಆಮೇಲೆ ತಲೆ ಎತ್ತಿ, ಅವರ ಮುಖ ನೋಡಿ ಹೇಳಿದೆ:

"ಮಾಡಿ ಚಾಚಾ."